ಡಿಸಾಸ್ಟ್ರಸ್ ಎಂದು ಬರೆದ ದಿನ

ರಜಿಯಾ, ಒಂಬತ್ತನೆಯ ತರಗತಿಯಲ್ಲಿ ನೀನು ಶಾಲೆ ಬಿಟ್ಟದ್ದು ನಿನ್ನ ಹಠದಿಂದಲ್ಲ, ನನ್ನಿಂದ. ಅದು ನಿನಗೆ ಗೊತ್ತು. ಅದು ನಿನ್ನ ತಂದೆಗೆ ಗೊತ್ತಾಗದಂತೆ ನೋಡಿಕೊಂಡವನೂ ನಾನೇ — ಇದು ನಿನಗೆ ಗೊತ್ತಿಲ್ಲ.

ದಿನಕ್ಕೊಂದು ಇಂಗ್ಲಿಷ್ ಶಬ್ದ ಕಲಿಸುವುದು ನನ್ನ ರೂಢಿಯಾಗಿತ್ತು. ಮಕ್ಕಳ ಹೆಸರನ್ನೇ ಸೇರಿಸಿ ವಾಕ್ಯ ಮಾಡಿ ಹಲಗೆಯ ಮೇಲೆ ಬರೆಯುತ್ತಿದ್ದೆ. ತರಗತಿಯೆಲ್ಲ ಅದನ್ನು ಒಟ್ಟಿಗೆ ಮೂರು ಸಲ ಹೇಳಬೇಕು. ತಮ್ಮ ಹೆಸರು ಬಂದರೆ ಮಕ್ಕಳು ಹಿಗ್ಗುತ್ತಿದ್ದರು. ನನ್ನಷ್ಟು ಜಾಣ ಮಾಸ್ತರ ಇಡೀ ಸಿಂದಗಿ ತಾಲ್ಲೂಕಿನಲ್ಲಿ ಇಲ್ಲ ಎಂದುಕೊಂಡಿದ್ದೆ!

ಅಂದಿನ ಶಬ್ದ ಡಿಸಾಸ್ಟ್ರಸ್ — ಭಾರಿ ಹಾನಿ ಮಾಡುವಂಥದ್ದು ಎಂದು ಅರ್ಥ ಹೇಳಿದೆ. ನೆರೆ, ಬೆಂಕಿ, ಆಲಿಕಲ್ಲು — ಉದಾಹರಣೆಗೇನು ಬರವೇ? ಆದರೆ ಆಗಷ್ಟೇ ನೀನು ಎದ್ದು ನಿಂತು ಪಾಠ ಓದಿದ್ದೆ, ಸಾಲು ಸಾಲಿಗೂ ತೊದಲಿ. ನನಗೋ ಮಕ್ಕಳನ್ನು ನಗಿಸುವ ಚಟ. ‘ರಜಿಯಾಸ್ ರೀಡಿಂಗ್ ಈಸ್ ಡಿಸಾಸ್ಟ್ರಸ್’ ಎಂದು ಬರೆದೆ.

ಎಲ್ಲರೂ ಮೂರು ಸಲ ಹೇಳಿದರು. ನೀನೂ ಹೇಳಿದೆ. ಎಲ್ಲರ ಜೊತೆ ದನಿಗೂಡಿಸಿದಾಗ ನೀನು ಒಂದಿಷ್ಟೂ ತೊದಲಲಿಲ್ಲ — ನಾನು ನಿನ್ನ ತುಟಿಯನ್ನೇ ನೋಡುತ್ತಿದ್ದೆ. ಡಸ್ಟರ್ ಕೈಯಲ್ಲೇ ಇತ್ತು. ಅಳಿಸಬಹುದಿತ್ತು... ಅಳಿಸಲಿಲ್ಲ. ಮರುದಿನದಿಂದ ಹುಡುಗರು ನಿನ್ನನ್ನು ಆ ಶಬ್ದದಿಂದಲೇ ಕರೆಯತೊಡಗಿದರು. ವಾರದೊಳಗೆ ನೀನು ಬರುವುದು ನಿಂತಿತು.

ನಿನ್ನ ತಂದೆ ಕನ್ನೊಳ್ಳಿಯಿಂದ ಸೈಕಲ್ ತುಳಿದುಕೊಂಡು ಬಂದರು.

“ಸರ್ರ, ಹುಡುಗಿ ಸಾಲಿಗಿ ಒಲ್ಲೆ ಅಂತ ಕುಂತಾಳ್ರಿ. ಯಾಕಂತ ಕೇಳಿದ್ರ ಬಾಯಿ ಬಿಡವಲ್ಲಳು. ಇಲ್ಲೇನರ ಆಗೇತೇನ್ರಿ?”

“ಏನೂ ಆಗಿಲ್ಲರಿ. ಆಕೀಗಿ ಓದೂ ಮನಸಿಲ್ಲ,” ಎಂದೆ. ನೌಕರಿಯ ಭಯವೋ, ಮರ್ಯಾದೆಯ ಭಯವೋ — ಈಗ ಯಾವುದೆಂದರೂ ಅಷ್ಟೇ. ತೊಂದರೆ ಕೊಟ್ಟೆನೆಂದು ಅವರೇ ನನಗೆ ಕೈ ಮುಗಿದು ಹೋದರು.

ಎಷ್ಟೋ ವರ್ಷಗಳ ಮೇಲೆ, ಮೊನ್ನೆ ನಿಡಗುಂದಿ ಬಸ್ ನಿಲ್ದಾಣದಲ್ಲಿ ನೀನೇ ಗುರುತು ಹಿಡಿದು ಮಾತಾಡಿಸಿದೆ. ತಂದೆ ಹೇಗಿದ್ದಾರೆ ಎಂದು ನಾನು ಕೇಳಿದೆ.

“ತೀ... ತೀರಿಕೊಂಡ್ರರಿ ಸರ. ಕಡೀತನಾ ನನಗ ಹಠಮಾರಿ ಅಂತಿದ್ರು,” ಎಂದು ನೀನು ನಕ್ಕೆ.

ಹೇಳಿಬಿಡಬೇಕೆಂದು ಬಾಯಿ ತೆರೆದೆ — ಬಸ್ಸು ಎಷ್ಟೊತ್ತಿಗೆ ಎಂದಷ್ಟೇ ಕೇಳಿದೆ. ನಿನ್ನ ಬಸ್ಸು ಬಂತು.

ನೀನು ಈಗಿರುವ ಊರು ಕೇಳಿಕೊಂಡು ಬರುತ್ತೇನೆ, ರಜಿಯಾ. ಇದನ್ನೆಲ್ಲ ಎದುರಿಗೇ ಹೇಳುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ. ಆದರೆ ತಪ್ಪು ನಿನ್ನದಲ್ಲವೆಂದು ಕೇಳಬೇಕಾಗಿದ್ದವರು... ಅವರು ಅದನ್ನು ಕೇಳಲೆಂದೇ ಅಷ್ಟು ದೂರ ಸೈಕಲ್ ತುಳಿದುಕೊಂಡು ಬಂದಿದ್ದರು. ಏನೂ ಆಗಿಲ್ಲವೆಂದು ನಾನು ಕಳಿಸಿಬಿಟ್ಟೆ.