ಘಾಟಿಯ ಮಂಜಿನಲ್ಲಿ ಮಾವನ ಪಿಕಪ್ಪು

ಮೊನ್ನೆ ತರಕಾರಿ ತುಂಬಿದ ಗಾಡಿಯೊಂದು ನನ್ನ ಪಕ್ಕದಲ್ಲೇ ಹಾದುಹೋಯಿತು. ಹಸಿ ಕೋಸಿನೆಲೆಯೂ ಡೀಸೆಲ್ಲೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಾವ ನೆನಪಾದರು. ಎಷ್ಟು ವರ್ಷವಾಯಿತೋ...

ಜೀರಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವರು ಅವರು. ನೆಂಟರಲ್ಲ, ಆದರೂ ನನಗೆ ಮಾವ. ಹಣೆ ತುಂಬ ವಿಭೂತಿ, ಹೆಗಲ ಮೇಲೊಂದು ಟವೆಲ್ಲು. ತಮ್ಮ ಪಿಕಪ್ಪಿನಲ್ಲಿ ಕೋಸು ತುಂಬಿಕೊಂಡು ಘಾಟಿಯ ಕೆಳಗಿನ ಸತ್ಯಮಂಗಲಕ್ಕೆ ಇಳಿಯುತ್ತಿದ್ದರು. ಅಲ್ಲಿ ಹೊಲಿಗೆ ಕಲಿಯುತ್ತಿದ್ದ ನಾನು ಪ್ರತಿ ಸೋಮವಾರ ಅವರ ಜೊತೆ ಹೋಗುತ್ತಿದ್ದೆ. ದಾರಿಯುದ್ದಕ್ಕೂ ಗಾಡಿಯ ಗುಂಡಿ, ಕಡ್ಡಿಗಳ ಪಾಠ. “ಮಂಜಿಗೆ ಡಿಮ್ಮೇ ಆಕ್ಬೇಕು ಕಣ್ ಕೂಸು. ಬ್ರೈಟ್ ಆಕುದ್ರೆ ಮುಂದ್ಗಡೆ ಬಿಳಿ ಗೋಡೆ ಎದ್ದಂಗಾಯ್ತದೆ.” ನಾನು ಕಿಟಕಿಯಾಚೆ ನೋಡುತ್ತಾ ಹೂಂಗುಟ್ಟುತ್ತಿದ್ದೆ.

ಅವತ್ತು ಬೆಳಿಗ್ಗೆ ದಿಂಬಂ ಘಾಟಿಯಲ್ಲಿ ರಸ್ತೆಯ ಅಂಚೂ ಕಾಣದಷ್ಟು ಮಂಜು. ಒಂದು ತಿರುವು ಇಳಿದ ಕೂಡಲೇ ಮಾವ ಗಾಡಿ ನಿಲ್ಲಿಸಿದರು. ಹ್ಯಾಂಡ್ ಬ್ರೇಕ್ ಎಳೆದು, ಎದೆ ಹಿಡಿದುಕೊಂಡು ಸ್ಟೇರಿಂಗಿನ ಮೇಲೆ ಬಾಗಿದರು. ಮುಖದ ತುಂಬ ಬೆವರು. ಗಾಡಿ ನಡುರಸ್ತೆಯಲ್ಲಿತ್ತು. ಮೇಲಿನಿಂದ ಲಾರಿಯೊಂದು ಇಳಿದು ಬರುತ್ತಿರುವ ಸದ್ದು ಕೇಳಿಸಿತು.

“ಏನ್ ಮಾಡ್ಲಿ ಮಾವ?”

“ಕೆಂಪ್ ಗುಂಡಿ... ಒತ್ತು...”

ನಾಲ್ಕೂ ಸಿಗ್ನಲ್ ಒಟ್ಟಿಗೆ ಮಿನುಗಿಸುವ ಗುಂಡಿ ಅದು. ಎಷ್ಟೋ ಸಲ ತೋರಿಸಿದ್ದರು. ಆದರೆ ಗಾಬರಿಯಲ್ಲಿ ನಾನು ಎಳೆದದ್ದು ಇನ್ಯಾವುದನ್ನೋ. ವೈಪರ್ ಕಿರುಗುಟ್ಟುತ್ತಾ ಓಡತೊಡಗಿತು. ತಡಕಾಡಿ ತಡಕಾಡಿ ಕೊನೆಗೆ ಗುಂಡಿ ಸಿಕ್ಕಿತು. ಟಿಕ್, ಟಿಕ್... ಎದುರಿನ ಮಂಜು ಹಳದಿಯಾಗಿ ಮಿನುಗಿತು. ಪಕ್ಕದ ಕನ್ನಡಿಯಲ್ಲಿ ನೋಡಿದರೆ ಹಿಂದುಗಡೆ ಬರೀ ಬಿಳುಪು.

ಇಳಿದು ಹಿಂದಕ್ಕೆ ಓಡಿದೆ. ಕೋಸಿನ ಮೇಲೆ ಹೊದಿಸಿದ್ದ ಟಾರ್ಪಾಲು ಜಾರಿ ಹಿಂದಿನ ದೀಪಗಳನ್ನೆಲ್ಲ ಮುಚ್ಚಿಬಿಟ್ಟಿತ್ತು! ಲಾರಿಗೂ ನನಗೂ ನಡುವೆ ಮಂಜಿನ ಹೊರತು ಏನೂ ಇರಲಿಲ್ಲ. ಪಕ್ಕಕ್ಕೆ ಓಡಿಬಿಡೋಣ ಅನ್ನಿಸಿತು, ಓಡಲಿಲ್ಲ. ಟಾರ್ಪಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕಣ್ಣು ಮುಚ್ಚಿಕೊಂಡೆ. ಬ್ರೇಕು ಕಿರುಚಿತು. ಕಣ್ಣು ಬಿಟ್ಟಾಗ ಲಾರಿಯ ಮೂತಿ ಒಂದು ಮಾರು ದೂರದಲ್ಲಿ ನಿಂತಿತ್ತು.

“ಎನ್ನಮ್ಮಾ ಆಚ್ಚು?” ಏನಾಯಿತೆಂದು ತಮಿಳಿನಲ್ಲಿ ಕೇಳುತ್ತಾ ಲಾರಿಯವನು ಕೆಳಗೆ ಹಾರಿದ. ಇಬ್ಬರೂ ಸೇರಿ ಮಾವನನ್ನು ಲಾರಿಗೆ ಹತ್ತಿಸಿದೆವು. ಅವನು ಪಿಕಪ್ಪನ್ನು ಅಂಚಿಗೆ ಸರಿಸಿ, ದೀಪಗಳನ್ನು ಮಿನುಗಲು ಬಿಟ್ಟು ಬಂದ.

ಲಾರಿ ಇಳಿಯುವಾಗ ಮಾವ ನನ್ನ ಕೈ ಹಿಡಿದಿದ್ದರು. “ಲೈಟ್ ಆರ್ಸ್ದೇನ್ ಕೂಸು? ಬ್ಯಾಟ್ರಿ ಇಳ್ದೋಯ್ತದೆ.”

“ಆರ್ಸ್ದೆ ಮಾವ” ಎಂದು ಸುಳ್ಳು ಹೇಳಿದೆ. ಬೆಟ್ಟದ ಬುಡ ಮುಟ್ಟುವ ಮೊದಲೇ ಆ ಕೈ ಸಡಿಲವಾಯಿತು...

ಕೆಲವು ದಿನದ ಮೇಲೆ ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು. “ಕೊನೇಲಿ ಏನಂದ್ರವ್ವಾ?”

ಇದ್ದದ್ದನ್ನೇ ಹೇಳಿದೆ. ಅತ್ತೆ ಅಳುತ್ತಲೇ ನಕ್ಕುಬಿಟ್ಟರು. “ಬ್ಯಾಟ್ರಿನಾ? ಅವ್ರ್ ಬುದ್ದಿಯೇ ಅದು ಬುಡು!”

ಹೊಲಿಗೆಯನ್ನು ನಾನು ಆಮೇಲೆ ಚಾಮರಾಜನಗರದಲ್ಲಿ ಕಲಿತೆ. ಆ ಘಾಟಿಯನ್ನು ಮತ್ತೆ ಇಳಿದಿಲ್ಲ. ಈಗಲೂ ಧೈರ್ಯ ಸಾಲುವುದಿಲ್ಲ. ಹೋದ ವರ್ಷ ಅತ್ತೆಯೂ ತೀರಿಕೊಂಡರು. ಮಾವನ ಆ ಕೊನೆಯ ಮಾತು ಗೊತ್ತಿರುವವಳು ಈಗ ನಾನೊಬ್ಬಳೇ.