ಗಲೀನಾ ಅಜ್ಜಿ ತೋರಿಸಿದ ನದಿ

೨೦೨೩ರ ಜೂನ್ ತಿಂಗಳು. ಚಾಮರಾಜಪೇಟೆಯ ಛತ್ರವೊಂದರಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ. ಎರಡನೇ ಪಂಕ್ತಿಗೆ ಕಾಯುತ್ತಿದ್ದಾಗ ನನ್ನ ಫೋನಿಗೆ ಉಕ್ರೇನಿನಿಂದ ವಿಡಿಯೊ ಕರೆ ಬಂತು. ಗಲೀನಾ ಅಜ್ಜಿ.

ಯುದ್ಧ ಶುರುವಾಗುವ ತನಕ ನಾನು ಅಲ್ಲಿನ ಝಪೊರಿಝ್ಯಾ ಎಂಬ ಊರಿನಲ್ಲಿ ಮೆಡಿಕಲ್ ಓದುತ್ತಿದ್ದೆ. ಇದ್ದದ್ದು ಅಜ್ಜಿಯ ಮನೆಯಲ್ಲಿ ಬಾಡಿಗೆಗೆ. ಅವರು ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಭಾನುವಾರ ನನ್ನನ್ನು ನೀಪರ್ ನದಿಯ ದಂಡೆಗೆ ಕರೆದೊಯ್ದು, ನಡುವಿನ ದ್ವೀಪ ತೋರಿಸಿ, ಕೊಸಾಕರೆಂಬ ಕುದುರೆ ಸವಾರರು ಅಲ್ಲಿ ಯಾವ ದೊರೆಗೂ ಬಗ್ಗದೆ ಬದುಕಿದ ಕತೆ ಹೇಳುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸಿಗಬಾರದೆಂದು ಸೋವಿಯತ್ ಸೈನ್ಯವೇ ಊರಿನ ಅಣೆಕಟ್ಟನ್ನು ಸಿಡಿಸಿದಾಗ ಅವರ ದೊಡ್ಡಮ್ಮ ಕೊಚ್ಚಿಹೋಗಿದ್ದರಂತೆ. "ನದಿ ಏನೂ ಮಾಡ್ಲಿಲ್ಲ ಮಗು. ಮುಳುಗಿಸಿದೋರು ನಮ್ಮೋರೇ" ಎನ್ನುತ್ತಿದ್ದರು.

ಈ ಯುದ್ಧ ಬಂದಾಗ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ವಯಸ್ಸಾದವರೆಂದು ಅಜ್ಜಿಯನ್ನು ಹತ್ತಿಸಿಕೊಂಡರು, ಹೊರದೇಶದವಳೆಂದು ನನ್ನನ್ನು ತಡೆದರು. ಅವರು ಕೆಳಗಿಳಿದು ನನ್ನನ್ನು ತಮ್ಮ ಜಾಗಕ್ಕೆ ತಳ್ಳಿದರು. "ಅಮ್ಮ ಕಾಯ್ತಿರ್ತಾಳೆ, ಹೋಗು" ಎಂದರು. ಬಾಗಿಲು ಮುಚ್ಚಿತು.

ಛತ್ರದಲ್ಲಿ ಫೋನ್ ಎತ್ತಿದರೆ ಅವರು ಕ್ಯಾಮೆರಾವನ್ನು ನದಿಯ ಕಡೆ ತಿರುಗಿಸಿದರು. ನದಿಯ ಕೆಳಭಾಗದಲ್ಲಿದ್ದ ಇನ್ನೊಂದು ಅಣೆಕಟ್ಟು ಯುದ್ಧದಲ್ಲಿ ಒಡೆದು ನೀರೆಲ್ಲ ಇಳಿದುಹೋಗಿತ್ತು. ನಾವಿಬ್ಬರೂ ಕೂರುತ್ತಿದ್ದ ದಂಡೆಯ ಮುಂದೆ ಬರೀ ಕೆಸರು, ಸತ್ತ ಕಪ್ಪೆಚಿಪ್ಪುಗಳು.

ನನ್ನ ಹಿಂದೆ ನಿಂತು ಇಣುಕುತ್ತಿದ್ದ ಸೋದರಮಾವ, "ಇದೇನೇ ನಿನ್ನ ಫಾರಿನ್ನು? ಇದಕ್ಕಿಂತ ನಮ್ಮ ಕೆಂಪಾಂಬುಧಿ ಕೆರೆನೇ ವಾಸಿ ಕಣೇ" ಎಂದರು. ಸುತ್ತ ಇದ್ದವರೆಲ್ಲ ನಕ್ಕರು.

ನಗು ಅಜ್ಜಿಗೂ ಕೇಳಿಸಿತು. "ಏನಂತಾರೆ?" ಎಂದು ರಷ್ಯನ್ ಭಾಷೆಯಲ್ಲಿ ಕೇಳಿದರು. ನಾನು ಫೋನನ್ನು ಮಾವನಿಂದ ಆಚೆ ತಿರುಗಿಸಿದೆ. ಅವರೇ, "ಹೋಗ್ಲಿ ಬಿಡು. ನಾವೂ ಬೇರೆಯವರ ಯುದ್ಧನ ಟೀವೀಲಿ ನೋಡ್ಕೊಂಡೇ ಊಟ ಮಾಡ್ತಿದ್ವಿ" ಎಂದು ಕರೆ ಮುಗಿಸಿದರು.

"ಮಾವ, ನನ್ನನ್ನ ರೈಲು ಹತ್ಸಿ ತಾವು ಉಳ್ಕೊಂಡೋರು ಇವರೇ" ಎಂದೆ.

"ಹೌದಾ, ಪಾಪ" ಎಂದರು. "ಎಲೆ ಹಾಕಿದಾರೆ, ಬಾ."

ನಾನು ಊಟಕ್ಕೆ ಹೋಗಲಿಲ್ಲ. ಬಸವನಗುಡಿಯ ಮನೆಗೆ ನಡೆದುಕೊಂಡೇ ಬಂದೆ.

ಆ ವರ್ಷದ ಚಳಿಗಾಲದಿಂದ ಅಜ್ಜಿಯ ಫೋನ್ ಸಿಗುತ್ತಿಲ್ಲ. ಇದ್ದಾರೋ ಇಲ್ಲವೋ ಹೇಳುವವರೂ ಇಲ್ಲ. ನೆಂಟರು ಸೇರಿದಾಗ ಆ ನಿಶ್ಚಿತಾರ್ಥದ ಮಾತು ಈಗಲೂ ಬರುತ್ತದೆ. ನಾನು ಶುಭಕಾರ್ಯದಲ್ಲಿ ಮುಖ ಊದಿಸಿಕೊಂಡು ಊಟ ಬಿಟ್ಟು ಎದ್ದುಹೋದದ್ದು ಎಲ್ಲರಿಗೂ ಚೆನ್ನಾಗಿ ನೆನಪಿದೆ.