ಖಾಜಾಭಾಯಿ ಏರಿಸಿಟ್ಟ ಇಪ್ಪತ್ತೈದು ಡಿಗ್ರಿ

ನನ್ನ ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗಿನ ಮಾತು. ಬೀದರದ ನೌಬಾದ ಕಡೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದೆ. ಭಾತಂಬ್ರಾದ ಸುನೀತಾ ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದಳು.

ಸೋಡಿಯಂ ಪರಮಾಣುವಿಗೆ ಲೇಸರ್ ತಾಗಿದರೆ ಅದು ಉದ್ರೇಕಗೊಂಡು, ಕ್ಷಣದಲ್ಲೇ ಹಳದಿ ಬೆಳಕು ಬಿಟ್ಟು ಮೊದಲಿನಂತಾಗುತ್ತದೆ. ಆ ಕ್ಷಣವನ್ನು ಅಳೆಯಬೇಕಿತ್ತು. ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ: ಹದಿನಾರು ನ್ಯಾನೋಸೆಕೆಂಡ್ ಚಿಲ್ಲರೆ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲೇ ನ್ಯಾನೋಸೆಕೆಂಡ್. ನಮಗೆ ಮಾತ್ರ ಇಪ್ಪತ್ತೊಂದು ಬರುತ್ತಿತ್ತು. ಇದೇ ತಪ್ಪಿದರೆ ಸುನೀತಾಳ ಉಳಿದ ಅಳತೆಗಳನ್ನು ಯಾರು ನಂಬುತ್ತಾರೆ? ಎರವಲು ತಂದ ಲೇಸರ್ ವಾರದಲ್ಲಿ ವಾಪಸು ಹೋಗಬೇಕಿತ್ತು. ಐದು ವರ್ಷದ ದುಡಿಮೆ ನೀರುಪಾಲಾಗುವುದರಲ್ಲಿತ್ತು.

ನಮ್ಮ ಲ್ಯಾಬಿನ ಅಟೆಂಡರ್ ಖಾಜಾಭಾಯಿ, ಠಾಣಾ ಕುಶನೂರಿನವರು. ನಾನು ಬರುವಷ್ಟರಲ್ಲಿ ಸೋಡಿಯಂ ಇಟ್ಟ ಗಾಜಿನ ಕೊಳವೆಯ ಹೀಟರ್ ಹಚ್ಚಿರುತ್ತಿದ್ದರು. ಮೊದಲ ದಿನ ನೂರು ಡಿಗ್ರಿಗೆ ಇಟ್ಟಿದ್ದೆವು. ಆಮೇಲೆ ಡಯಲ್ ನೋಡದೆಯೇ ದಿನವೂ ನೂರು ಎಂದು ಬರೆದುಕೊಂಡೆವು, ನಾವು ಮಹಾ ಬುದ್ಧಿವಂತರು.

ಒಂದು ದಿನ ಖಾಜಾಭಾಯಿ ಭಾಲ್ಕಿಗೆ ಮದುವೆಗೆ ಹೋದರು. ಹೀಟರನ್ನು ಸುನೀತಾಳೇ ನೂರು ಡಿಗ್ರಿಗೆ ಇಟ್ಟು ಹಚ್ಚಿದಳು. ಅಂದು ಹದಿನಾರು ಪಾಯಿಂಟ್ ಮೂರು ಬಂತು. ಹುಡುಗಿ ಕುರ್ಚಿಯಲ್ಲಿ ಕೂತು ಅತ್ತೇಬಿಟ್ಟಳು.

ಮರುದಿನ ಮುಂಜಾನೆ, ಮದುವೆಯಿಂದ ಮರಳಿದ ಖಾಜಾಭಾಯಿ ಹಚ್ಚಿಟ್ಟಿದ್ದ ಹೀಟರಿನ ಡಯಲ್ ನೋಡಿದೆ: ನೂರಿಪ್ಪತ್ತೈದು. ಬಿಸಿ ಹೆಚ್ಚಾದರೆ ಆವಿ ದಟ್ಟವಾಗುತ್ತದೆ. ಒಂದು ಪರಮಾಣು ಬಿಟ್ಟ ಬೆಳಕನ್ನು ಇನ್ನೊಂದು ನುಂಗಿ ಮತ್ತೆ ಬಿಡುತ್ತದೆ, ಹೊರಬರುವುದು ತಡವಾಗುತ್ತದೆ. ರೇಡಿಯೇಶನ್ ಟ್ರ್ಯಾಪಿಂಗ್ ಎನ್ನುತ್ತೇವೆ. ತರಗತಿಯಲ್ಲಿ ನಾನೇ ಕಲಿಸುತ್ತಿದ್ದ ಪಾಠ!

ಇಪ್ಪತ್ತು ವರ್ಷ ಬಹುವಚನದಲ್ಲೇ ಮಾತಾಡಿಸಿದ ಮನುಷ್ಯನಿಗೆ ಅಂದು ಸುನೀತಾಳ ಎದುರಿಗೇ ಏಕವಚನದಲ್ಲಿ ಕೂಗಿದೆ. "ಇದನ್ನ ಮುಟ್ಟು ಅಂತ ನಿನಗ ಯಾರು ಹೇಳ್ಯಾರ?"

ಖಾಜಾಭಾಯಿ ತಲೆ ತಗ್ಗಿಸಿದರು. "ನೀವೇ ಅಂದಿದ್ರಿ ಸರ್, ಇವತ್ತ ಬೆಳಕು ಭಾಳ ಛಂದ ಕಾಣ್ಲಿಕತ್ತದ ಅಂತ. ಅವತ್ತ ಸ್ವಲ್ಪ ಏರಿಸಿದ್ದೆ. ಅದಕ್ಕ ದಿನಾ ಏರಿಸಿಡ್ತಿದ್ದೆರಿ."

ಹೌದು, ಅಂದಿದ್ದೆ. ಆದರೂ ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಲೇಸರ್ ವಾಪಸು ಹೋಗುವ ಮೊದಲೇ ಸುನೀತಾ ಹಗಲು ರಾತ್ರಿ ಕೂತು ಅಳತೆಗಳನ್ನೆಲ್ಲ ಮತ್ತೆ ತೆಗೆದಳು, ಡಾಕ್ಟರ್ ಆದಳು. ಖಾಜಾಭಾಯಿ ಮತ್ತೆಂದೂ ಹೀಟರ್ ಮುಟ್ಟಲಿಲ್ಲ. ಬೀಗ ತೆಗೆದು ಹೊರಗೇ ನಿಲ್ಲುತ್ತಿದ್ದರು. ನಿವೃತ್ತರಾಗಿ ಊರಿಗೆ ಹೋದರು. ಹೋಗಿ ಮಾತಾಡಿಸಬೇಕು ಎಂದುಕೊಳ್ಳುತ್ತಲೇ ಇದ್ದೆ. ಹೋದ ವರ್ಷ ತೀರಿಕೊಂಡರೆಂಬ ಸುದ್ದಿ ಬಂತು.

ಡಯಲನ್ನು ದಿನವೂ ಕಣ್ಣಾರೆ ನೋಡಬೇಕು. ತಪ್ಪೊಪ್ಪಿಕೊಳ್ಳುವುದನ್ನು ನಾಳೆಗೆ ಇಡಬಾರದು. ವೃತ್ತಿ ನನಗೆ ಕಲಿಸಿದ್ದು ಇಷ್ಟು. ಸರಿಯಾದ ಸಂಖ್ಯೆ ಸುನೀತಾಳ ಪ್ರಬಂಧದಲ್ಲಿದೆ. ನನಗೆ ಮಾತ್ರ ಖಾಜಾಭಾಯಿಯ ಊರಿನ ಕಡೆ ಹೋಗುವ ಔರಾದ ಬಸ್ಸು ಕಂಡಾಗಲೆಲ್ಲ ಆ ಇಪ್ಪತ್ತೊಂದರ ಬೆಳಕನ್ನು ಇನ್ನೊಮ್ಮೆ ನೋಡಬೇಕೆನಿಸುತ್ತದೆ. ಅದನ್ನು ಅವರು ನನಗಾಗಿ ಏರಿಸಿಟ್ಟಿದ್ದರು.